ಅಖಾಡದಾಗ ಗೆದ್ದವ, ಟೇಬಲ್ ಮ್ಯಾಲೆ ಸೋತವ



ಪೋಸ್ಟ್ ಸ್ವಲ್ಪ ಉದ್ದ ಆಗಿದೆ. ಬಿಡುವಿದ್ದಾಗ ಪೂರ್ತಿ ಓದ್ರಿ.

ನನ್ನ ಅಕ್ಕನ ಮಗ ಅಫಜಲಪುರ ತಾಲೂಕಿನ ಹಳ್ಳಿಯವ. ಕುಸ್ತಿ ಆಡ್ತಾನ. ಜಾತ್ರೆಯ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ತನಕ ಬಂದ ಹುಡುಗ. ಹೋದ ತಿಂಗಳು ಒಂದು ಆಯ್ಕೆ ಕುಸ್ತಿಯಲ್ಲಿ ತನ್ನ ತೂಕದ ಮೂವರನ್ನೂ ಚಿತ್ ಮಾಡಿದ. ಸಂಜೆ ಪಟ್ಟಿ ಅಂಟಿಸಿದರು, ಇವನ ಹೆಸರೇ ಇಲ್ಲ. ಕೇಳಿದ್ರೆ, "ಜನನ ಪ್ರಮಾಣಪತ್ರದ ಮೂಲ ಪ್ರತಿ ತಂದಿಲ್ಲ, ನಿಯಮ ಅಂದ್ರೆ ನಿಯಮ" ಅಂದರು. ಇವನ ಕೈಲಿ ಬಿದ್ದ ಹುಡುಗನೂ ಜೆರಾಕ್ಸೇ ಕೊಟ್ಟಿದ್ದ. ಅವನ ಹೆಸರು ಪಟ್ಟಿಯಲ್ಲಿತ್ತು.

ರಾತ್ರಿ ಜೇವರ್ಗಿಯ ನಮ್ಮ ಮನೆಗೆ ಬಂದ. ಊಟಕ್ಕೆ ಕರೆದ್ರೂ ಏಳಲಿಲ್ಲ. ಒಂದೇ ಮಾತು ಕೇಳಿದ: "ಮಾಮಾ, ನಾ ಸೋತಿಲ್ಲಲ್ಲ?"

ಅವನಿಗೆ ಆವತ್ತು ಹೇಳಿದ ಚರಿತ್ರೆಯನ್ನೇ ನಿಮಗೂ ಹೇಳ್ತಿದ್ದೇನೆ. ಆಟದಲ್ಲಿ ಸೋಲಿಸಲು ಆಗದವರನ್ನು ಕಾಗದದಲ್ಲಿ ಸೋಲಿಸುವುದು ನಮ್ಮ ಕಡೆ ಮಾತ್ರ ನಡೆದದ್ದಲ್ಲ. ಜಗತ್ತಿನ ಅತಿ ಬಲಿಷ್ಠ ಅನ್ನಿಸಿಕೊಂಡವರಿಗೂ ಇದನ್ನೇ ಮಾಡಿದ್ದಾರೆ.

ಬಾಕ್ಸಿಂಗ್‌ನಲ್ಲಿ ಹೆವಿವೇಟ್ ಪಟ್ಟ ಅಂದರೆ ಎಲ್ಲಕ್ಕೂ ದೊಡ್ಡದು. ಮೊದಮೊದಲು ಕರಿಯರನ್ನು ಆ ಪಟ್ಟದ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಚಾಂಪಿಯನ್ ಜಾನ್ ಎಲ್. ಸಲಿವನ್ ಕರಿಯರ ಜೊತೆ ಆಡುವುದೇ ಇಲ್ಲ ಅಂತ ಬಹಿರಂಗವಾಗಿ ಹೇಳಿದ. ಈ ಗೆರೆ ದಾಟಿದವನು ಜಾಕ್ ಜಾನ್ಸನ್. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಹೊಡೆದು ಪಟ್ಟ ಗೆದ್ದ. 1910ರ ಜುಲೈ 4ರಂದು ರೀನೋ ಊರಿನಲ್ಲಿ ಜಿಮ್ ಜೆಫ್ರೀಸ್‌ನನ್ನೂ ಮಣಿಸಿದ. ಆ ರಾತ್ರಿ ಅಮೆರಿಕದ ಊರೂರುಗಳಲ್ಲಿ ಕರಿಯರ ಮೇಲೆ ಹಲ್ಲೆ ಆಯಿತು. ಗೆದ್ದವನೊಬ್ಬ, ಹೊಡೆತ ತಿಂದವರು ಕೇರಿಯವರು. ಇದು ನಮಗೆ ಹೊಸ ಕಥೆಯೇನ್ರಿ?

ಜಾನ್ಸನ್ 1915ರಲ್ಲಿ ಪಟ್ಟ ಸೋತ. ಇನ್ನೊಬ್ಬ ಕರಿಯ ಚಾಂಪಿಯನ್ ಬಂದದ್ದು 1937ರಲ್ಲಿ, ಜೋ ಲೂಯಿ. ನಡುವೆ 22 ವರ್ಷ. ಆಡುವವರು ಇರಲಿಲ್ಲ ಅಂತಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಸವಾಲು ಹಾಕುತ್ತಲೇ ಇದ್ದ, ಜ್ಯಾಕ್ ಡೆಂಪ್ಸಿ ಜೊತೆ ಪಟ್ಟದ ಆಟ ಅವನಿಗೆ ಸಿಗಲೇ ಇಲ್ಲ. ಜೋ ಲೂಯಿಗೆ ಅವಕಾಶ ಸಿಗಬೇಕಾದರೆ ಅವನ ಮ್ಯಾನೇಜರುಗಳು ಕಟ್ಟಳೆ ಹಾಕಿದ್ದರು: ಬಿಳಿಯ ಹೆಂಗಸಿನ ಜೊತೆ ಫೋಟೋ ತೆಗೆಸಿಕೊಳ್ಳಬಾರದು, ಬಿದ್ದವನ ಮುಂದೆ ಹಿಗ್ಗಬಾರದು. ಗೆಲ್ಲು, ಆದರೆ ತಲೆ ತಗ್ಗಿಸಿ ನಿಲ್ಲು.

ತಲೆ ತಗ್ಗಿಸದವನು ಮೊಹಮ್ಮದ್ ಅಲಿ. 1964ರ ಫೆಬ್ರವರಿಯಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಪಟ್ಟ ಗೆದ್ದ. ಕೂಡಲೇ ತಾನು ಮುಸ್ಲಿಂ, ತನ್ನ ಹಳೆಯ ಹೆಸರು ಗುಲಾಮರ ಹೆಸರು ಅಂದ. ಲಿಸ್ಟನ್ ಜೊತೆ ಮರು ಆಟಕ್ಕೆ ಸಹಿ ಹಾಕಿದ್ದೇ ತಪ್ಪು ಅಂತ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಅದೇ ವರ್ಷ ಅವನ ಪಟ್ಟದ ಮಾನ್ಯತೆ ಕಿತ್ತಿತು. ಹಿಂದಿನ ವರ್ಷವೇ ಲಿಸ್ಟನ್ ಮತ್ತು ಪ್ಯಾಟರ್ಸನ್ ಮರು ಆಟ ಆಡಿದ್ದರು. ಆಗ ಯಾರ ಪಟ್ಟವೂ ಹೋಗಿರಲಿಲ್ಲ. ಲಿಸ್ಟನ್ನೂ ಕರಿಯನೇ, ನೆನಪಿರಲಿ. ಅವರಿಗೆ ಕರಿಯನ ಮುಷ್ಟಿ ನಡೀತಿತ್ತು, ಅವನ ಬಾಯಿ ನಡೀತಿರಲಿಲ್ಲ.

ಆಮೇಲೆ 1967ರ ಏಪ್ರಿಲ್ 28. ಹ್ಯೂಸ್ಟನ್‌ನಲ್ಲಿ ಅಲಿ ಸೈನ್ಯಕ್ಕೆ ಸೇರಲು ಒಪ್ಪಲಿಲ್ಲ, ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದ. ಅದೇ ದಿನ ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಕಮಿಷನ್ ಅವನ ಲೈಸೆನ್ಸ್ ತಡೆದು, ಪಟ್ಟವನ್ನೂ ಕಸಿದುಕೊಂಡಿತು. ಕೋರ್ಟಿನಲ್ಲಿ ಇನ್ನೂ ಆರೋಪಪಟ್ಟಿಯೇ ಇರಲಿಲ್ಲ, ವಿಚಾರಣೆ ದೂರದ ಮಾತು. ಅಮೆರಿಕದಲ್ಲಿ ಬಾಕ್ಸಿಂಗ್ ಲೈಸೆನ್ಸ್ ಕೊಡುವುದು ಒಂದೊಂದು ರಾಜ್ಯದ ಕಮಿಷನ್. ಒಬ್ಬರು ಬಾಗಿಲು ಹಾಕಿದ ಮೇಲೆ ಉಳಿದವರೂ ಹಾಕಿದರು. ಜೂನ್‌ನಲ್ಲಿ 5 ವರ್ಷ ಜೈಲು, 10,000 ಡಾಲರ್ ದಂಡ ಅಂತ ತೀರ್ಪಾಯಿತು. ಮೇಲ್ಮನವಿ ಇದ್ದದ್ದರಿಂದ ಜೈಲಿನ ಹೊರಗಿದ್ದ, ಆದರೆ ಅಖಾಡದ ಹೊರಗೂ ಇದ್ದ. 43 ತಿಂಗಳು. 25ರಿಂದ 28ರ ವಯಸ್ಸು, ಆಟಗಾರನ ಮೈಯಲ್ಲಿ ಬಂಗಾರದಂಥ ಕಾಲ. ಅವನನ್ನು ಯಾರೂ ಸೋಲಿಸಿರಲಿಲ್ಲ, ಆದರೂ ಬೇರೆಯವರು ಚಾಂಪಿಯನ್ ಅನ್ನಿಸಿಕೊಂಡರು.

ಇಷ್ಟು ಹೇಳಿದ್ದಕ್ಕೆ ಅಳಿಯ ಅಂದ, "ಮಾಮಾ, ಅದು ಅಮೆರಿಕಾ. ನಮ್ಮವರ ಪೈಕಿ ಯಾರಿದ್ದಾರ?"

ಇದ್ದಾರ. ನಮ್ಮ ಧಾರವಾಡದಲ್ಲೇ ಹುಟ್ಟಿದ ಪಲ್ವಂಕರ್ ಬಾಲೂ. ಚಮ್ಮಾರ ಸಮುದಾಯದವರು. ಪುಣೆಯ ಕ್ರಿಕೆಟ್ ಮೈದಾನದಲ್ಲಿ ಕಸ ಗುಡಿಸಿ, ಪಿಚ್ ಮೇಲೆ ರೋಲರ್ ಎಳೆದು ತಿಂಗಳಿಗೆ 3 ರೂಪಾಯಿ ದುಡಿಯುತ್ತಿದ್ದವರು. ಮುಂದೆ ಇಂಗ್ಲಿಷರ ಕ್ಲಬ್ಬಿನಲ್ಲಿ 4 ರೂಪಾಯಿಗೆ ಸೇರಿ, ಸಾಹೇಬರಿಗೆ ನೆಟ್‌ನಲ್ಲಿ ಚೆಂಡು ಎಸೆಯುತ್ತಾ ಎಡಗೈ ಸ್ಪಿನ್ ಬೌಲರ್ ಆದರು. ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ್ದು ಒಂದೇ ಚೆಂಡು. ಚಹಾದ ಹೊತ್ತಿಗೆ ಇವರಿಗೆ ಮಾತ್ರ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆ. ಎರಡು ಲೋಟದ ಪದ್ಧತಿ ಹೋಟೆಲಿನಲ್ಲಷ್ಟೇ ಇತ್ತು ಅನ್ಕೋಬ್ಯಾಡ್ರಿ.

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು, ಅದರಲ್ಲಿ ಬಾಲೂ ಅವರ ಬೌಲಿಂಗ್ ದೊಡ್ಡ ಪಾಲು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಇವರು ಕಿತ್ತದ್ದು 114 ವಿಕೆಟ್. ಆ ತಂಡದ ಕ್ಯಾಪ್ಟನ್ ಪಟಿಯಾಲಾದ ಮಹಾರಾಜ. ಹಿಂದೂ ತಂಡಕ್ಕೂ ಬಾಲೂ ಎಂದೂ ಕ್ಯಾಪ್ಟನ್ ಆಗಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ವಿಠಲ್ ಮತ್ತು ಶಿವರಾಮ್ ನಾವೂ ಆಡಲ್ಲ ಅಂತ ಹೊರಬಂದರು. 1923ರಲ್ಲಿ ವಿಠಲ್ ಕ್ಯಾಪ್ಟನ್ ಆದರು, ತಂಡ ಗೆದ್ದಿತು. ಅಣ್ಣನಿಗೆ ಮುಚ್ಚಿದ ಬಾಗಿಲು ತಮ್ಮನಿಗೆ ತೆರೆಯಿತು. ಅದಕ್ಕೆ ಕಾರಣ ಹೊರಗೆ ಬಂದು ನಿಂತದ್ದು.

ಕೆಲವರು ಕೇಳ್ತೀರಿ, 1937ರ ಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಬಾಬಾಸಾಹೇಬರ ವಿರುದ್ಧ ನಿಂತವರು ಇವರೇ ಅಲ್ಲವೇ ಅಂತ. ಹೌದು, ಇವರೇ. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಆ ರಾಜಕೀಯ ನನಗೂ ಒಪ್ಪಿಗೆ ಇಲ್ಲ. ಆದರೆ ನಮ್ಮ ಜೊತೆ ನಿಂತವರಿಗೆ ಮಾತ್ರ ನ್ಯಾಯ ಬೇಕು ಅಂದರೆ ನಾವೂ ಆ ಕಮಿಷನ್‌ನವರ ಹಾಗೇ ಆಗ್ತೀವಿ.

ಈಗ ನಿಜವಾದ ಪಾಠಕ್ಕೆ ಬರ್ತೀನಿ. ಅಲಿ ವಾಪಸ್ ಬಂದದ್ದು ಹೇಗೆ?

ಎನ್‌ಎಎಸಿಪಿಯ ಕಾನೂನು ರಕ್ಷಣಾ ನಿಧಿಯ ವಕೀಲರು ನ್ಯೂಯಾರ್ಕ್ ಕಮಿಷನ್ ವಿರುದ್ಧ ಕೋರ್ಟಿಗೆ ಹೋದರು. ಕಮಿಷನ್ ಹೇಳಿದ್ದು, ಶಿಕ್ಷೆಯಾದವನಿಗೆ ಲೈಸೆನ್ಸ್ ಕೊಡಲು ಬರಲ್ಲ, ನಿಯಮ. ವಕೀಲರು ಕೇಳಿದ್ದು, ಹಾಗಾದರೆ ನಿಮ್ಮ ಹಳೆಯ ಕಡತ ತೆಗೀರಿ. ತೆಗೆದರು. ಅಪರಾಧ ಸಾಬೀತಾದವರಿಗೆ ಲೈಸೆನ್ಸ್ ಕೊಟ್ಟ 244 ಪ್ರಕರಣ ಅದರಲ್ಲಿದ್ದವು. ಕೊಲೆ, ದರೋಡೆ, ಅತ್ಯಾಚಾರ ಮಾಡಿದವರು, ಸೈನ್ಯದಿಂದ ಓಡಿಬಂದವರು ಕೂಡ. ಇಷ್ಟು ಜನರಿಗೆ ಅಡ್ಡ ಬರದ ನಿಯಮ ಅಲಿಗೆ ಮಾತ್ರ ಅಡ್ಡ ಬಂತು. 1970ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ವಾಲ್ಟರ್ ಮ್ಯಾನ್ಸ್‌ಫೀಲ್ಡ್, ಇದು ಸಮಾನ ರಕ್ಷಣೆಯ ಉಲ್ಲಂಘನೆ ಅಂತ ತೀರ್ಪು ಕೊಟ್ಟರು. ಅದು ಅವರ ಸಂವಿಧಾನದ 14ನೇ ತಿದ್ದುಪಡಿ. ಬಾಬಾಸಾಹೇಬರು ನಮಗೆ ಬರೆದುಕೊಟ್ಟ ಸಂವಿಧಾನದಲ್ಲೂ ಸಮಾನತೆಯ ವಿಧಿ 14ನೆಯದೇ.

1971ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-0 ಮತದಿಂದ ಅವನ ಶಿಕ್ಷೆಯನ್ನೂ ರದ್ದು ಮಾಡಿತು. ಪಟ್ಟವನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ. 1974ರಲ್ಲಿ, 32ನೇ ವಯಸ್ಸಿನಲ್ಲಿ, ಕಿನ್ಶಾಸಾದಲ್ಲಿ ಫೋರ್‌ಮನ್‌ನನ್ನು ಕೆಡವಿ ತಾನೇ ಗೆದ್ದುಕೊಂಡ. ಹೋದ ವರ್ಷಗಳು ಹೋದವು.

ನಾನು ಗುಮಾಸ್ತ. ಕಡತಗಳ ನಡುವೆಯೇ ಕೂದಲು ಹಣ್ಣಾಗ್ತಿದೆ. ಅನುಭವದಿಂದ ಹೇಳ್ತೀನಿ, "ನಿಯಮ ಏನು?" ಅಂತ ಕೇಳಿದರೆ ನಾವು ಸೋಲ್ತೀವಿ, ಯಾಕಂದ್ರೆ ನಿಯಮ ಯಾವಾಗಲೂ ಅವರ ಕೈಲಿರುತ್ತೆ. "ಈ ನಿಯಮ ಬೇರೆಯವರಿಗೆ ಹಚ್ಚಿದಿರೇನು?" ಅಂತ ಕೇಳಬೇಕು. ಅದರ ಉತ್ತರ ಬಾಯಲ್ಲಿ ಬರಲ್ಲ, ರಜಿಸ್ಟರ್‌ನಲ್ಲಿ ಇರುತ್ತೆ.

ಮರುದಿನ ಅಳಿಯನ ಕೈಯಿಂದಲೇ ಅರ್ಜಿ ಬರೆಸಿದೆ. ಮಾಹಿತಿ ಹಕ್ಕು, 10 ರೂಪಾಯಿ ಪೋಸ್ಟಲ್ ಆರ್ಡರ್. ಬೇರೆ ಹುಡುಗರ ಹೆಸರು, ದಾಖಲೆ ಕೇಳಿಲ್ಲ. ಕೇಳಿದರೆ ಖಾಸಗಿ ಮಾಹಿತಿ ಅಂತ ತಳ್ಳಿಹಾಕ್ತಾರ. ಕೇಳಿದ್ದು ಇಷ್ಟೇ: ಆಯ್ಕೆಯಾದವರಲ್ಲಿ ಎಷ್ಟು ಜನರಿಂದ ಮೂಲ ಪ್ರತಿ ಪಡೆದಿರಿ, ಎಷ್ಟು ಜನರಿಂದ ಜೆರಾಕ್ಸ್? ಮೂಲ ಪ್ರತಿ ಕಡ್ಡಾಯ ಅನ್ನುವ ಆದೇಶದ ನಕಲು ಕೊಡಿ.

30 ದಿನದಲ್ಲಿ ಉತ್ತರ ಬರಬೇಕು. ಇವತ್ತಿಗೆ 19 ದಿನ. ಅಳಿಯ ದಿನಾ ಬೆಳಿಗ್ಗೆ ತಾಲೀಮಿಗೆ ಹೋಗ್ತಿದ್ದಾನ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಗೆಳೆಯರೆ, ನಿಮ್ಮ ಮನೆಯ ಮಕ್ಕಳನ್ನೂ ಹೀಗೆ ಪಟ್ಟಿಯಿಂದ ಬಿಟ್ಟಿದ್ದರೆ ಜಗಳಕ್ಕೆ ಮುಂಚೆ ಮೂರು ಕೆಲಸ ಮಾಡ್ರಿ. ಗೋಡೆಗೆ ಅಂಟಿಸಿದ ಪಟ್ಟಿಯ ಫೋಟೋ ತೆಗೀರಿ. ಕೊಟ್ಟ ಕಾಗದಕ್ಕೆಲ್ಲ ಸ್ವೀಕೃತಿ ಸೀಲ್ ಹಾಕಿಸಿಕೊಳ್ರಿ. ಬಾಯಿಮಾತಲ್ಲಿ ಹೇಳಿದ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳ್ರಿ. ಅರ್ಜಿ ಬರೆಯಲು ಬರದಿದ್ದರೆ ನನಗೆ ಮೆಸೇಜ್ ಹಾಕ್ರಿ. ಭಾನುವಾರ ನಾನು ಮನೆಯಲ್ಲೇ ಇರ್ತೀನಿ.

ಜೈ ಭೀಮ್.