ಮಾಲೆ ಬೇಡವೆಂದ ಅಲ್ ಗೋರ್

ಅರಸನಿಲ್ಲದ ನಾಡಿನಲ್ಲಿ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಊರೊಳಗೆ ಬಿಡುತ್ತಿದ್ದರಂತೆ. ಆನೆ ಯಾರ ಕೊರಳಿಗೆ ಮಾಲೆ ಹಾಕುತ್ತದೋ ಅವನೇ ಅರಸ. ಅಜ್ಜಿ ಕತೆಯ ಈ ಪ್ರಸಂಗವನ್ನು ನೆನಪಿಸುವ ಪದ್ಧತಿಯೊಂದು ಅಮೆರಿಕದ ರಾಜಕೀಯದಲ್ಲೂ ಇದೆ. ಸ್ಪರ್ಧಿಸಲು ಮುಂದೆ ಬಾರದ ವ್ಯಕ್ತಿಯನ್ನು ಜನರೇ ಗುಂಪು ಕಟ್ಟಿ, ಸಹಿ ಸಂಗ್ರಹಿಸಿ ಅಧ್ಯಕ್ಷ ಚುನಾವಣೆಯ ಕಣಕ್ಕೆ ಕರೆಯುತ್ತಾರೆ. ಇದಕ್ಕೆ ಅಲ್ಲಿ 'ಡ್ರಾಫ್ಟ್' ಎಂದು ಹೆಸರು. ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿಕೊಳ್ಳುವುದಕ್ಕೂ ಅಲ್ಲಿ ಇದೇ ಪದ!

ಇದರಿಂದ ಗೆದ್ದವರೂ ಇದ್ದಾರೆ. 1952ರ ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಷದ ಪ್ರಾಥಮಿಕ ಚುನಾವಣೆ ನಡೆದಾಗ ಜನರಲ್ ಐಸೆನ್‌ಹೋವರ್ ನ್ಯಾಟೊ ಸೇನೆಯ ದಂಡನಾಯಕರಾಗಿ ಯುರೋಪಿನಲ್ಲಿದ್ದರು. ಅಭಿಮಾನಿಗಳೇ ಪ್ರಚಾರ ಮಾಡಿ ಗೆಲ್ಲಿಸಿದರು. ಅದೇ ವರ್ಷ ನವೆಂಬರಿನಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು.

ಐವತ್ತೈದು ವರ್ಷಗಳ ಬಳಿಕ ಇಂತಹದೇ ಕರೆ ಅಲ್ ಗೋರ್ ಅವರಿಗೆ ಬಂತು. ಈ ಬಾರಿ ಕರೆದವರ ಮುಖ್ಯ ಕಾಳಜಿ ಯುದ್ಧವಲ್ಲ, ಬಿಸಿಯಾಗುತ್ತಿರುವ ಭೂಮಿ.

ಗೋರ್ ಪರಿಸರಕ್ಕೆ ಹೊಸಬರಲ್ಲ. ಹಾರ್ವರ್ಡ್‌ನಲ್ಲಿ ಓದುವಾಗಲೇ ವಿಜ್ಞಾನಿ ರೋಜರ್ ರೆವೆಲ್ ಅವರಿಂದ ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತಿರುವ ಸಂಗತಿ ತಿಳಿದವರು. 1992ರಲ್ಲಿ ಪರಿಸರದ ಬಗ್ಗೆ ಪುಸ್ತಕ ಬರೆದರು. 1993ರಲ್ಲಿ ಉಪಾಧ್ಯಕ್ಷರಾದರು. 2000ದ ಅಧ್ಯಕ್ಷ ಚುನಾವಣೆಯಲ್ಲಿ ದೇಶದಾದ್ಯಂತ ಜಾರ್ಜ್ ಬುಷ್ ಅವರಿಗಿಂತ ಐದು ಲಕ್ಷಕ್ಕೂ ಹೆಚ್ಚು ಮತ ಪಡೆದೂ ಸೋತರು. ಫ್ಲಾರಿಡಾ ರಾಜ್ಯದಲ್ಲಿ 537 ಮತಗಳ ಅಂತರ ಇಡೀ ಫಲಿತಾಂಶವನ್ನೇ ನಿರ್ಧರಿಸಿತು. ಅದೇ ರಾಜ್ಯದಲ್ಲಿ ಪರಿಸರವಾದಿಗಳ ಗ್ರೀನ್ ಪಕ್ಷದ ಅಭ್ಯರ್ಥಿ ರಾಲ್ಫ್ ನೇಡರ್ ಅವರಿಗೆ 97 ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದವು ಎಂಬುದು ವಿಪರ್ಯಾಸ.

2006ರಲ್ಲಿ ಹವಾಮಾನ ಬದಲಾವಣೆ ಕುರಿತ ಗೋರ್ ಅವರ ಉಪನ್ಯಾಸವನ್ನೇ ಆಧರಿಸಿದ 'ಆನ್ ಇನ್‌ಕನ್ವೀನಿಯೆಂಟ್ ಟ್ರೂತ್' ಸಾಕ್ಷ್ಯಚಿತ್ರ ತೆರೆಕಂಡಿತು. ಮರುವರ್ಷ ಅದಕ್ಕೆ ಆಸ್ಕರ್ ಬಂತು. ಸೋತ ನಾಯಕ ಒಮ್ಮೆಲೇ ಜಗತ್ತಿನ ಗುರುವಾದರು. 2007ರ ಅಕ್ಟೋಬರ್ 10ರಂದು ಅಭಿಮಾನಿಗಳು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಪೂರ್ಣ ಪುಟದ ಬಹಿರಂಗ ಪತ್ರ ಪ್ರಕಟಿಸಿದರು. ಕಣಕ್ಕಿಳಿಯಿರಿ ಎಂಬ ಮನವಿಗೆ 1.36 ಲಕ್ಷ ಮಂದಿ ಸಹಿ ಹಾಕಿದ್ದಾರೆ ಎಂದು ಸಂಘಟಕರು ಹೇಳಿದರು. ಎರಡೇ ದಿನಗಳಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆಗ ಭಾರತದ ರಾಜೇಂದ್ರ ಪಚೌರಿ ಅಧ್ಯಕ್ಷರಾಗಿದ್ದ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯೊಂದಿಗೆ ಗೋರ್ ಅದನ್ನು ಹಂಚಿಕೊಂಡರು. ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ?

ಗೋರ್ ಒಪ್ಪಲಿಲ್ಲ. ಬಹುಮಾನದ ತಮ್ಮ ಪಾಲನ್ನು ಹವಾಮಾನ ಜಾಗೃತಿಯ ಕೆಲಸಕ್ಕೆ ಕೊಟ್ಟರು. 2008ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಬರಾಕ್ ಒಬಾಮ ಅವರಿಗೆ ಬೆಂಬಲ ಘೋಷಿಸಿದರು.

ಏಕೆ ಒಪ್ಪಲಿಲ್ಲ? ಸೋಲಿನ ನೋವು ಎಂದವರಿದ್ದಾರೆ. ಆದರೆ ಅವರ ಅಧಿಕಾರಾವಧಿಯ ಒಂದು ಅನುಭವವನ್ನೂ ಮರೆಯಬಾರದು. 1997ರ ಡಿಸೆಂಬರಿನಲ್ಲಿ ಕ್ಯೋಟೊ ಒಪ್ಪಂದಕ್ಕಾಗಿ ಅವರು ಖುದ್ದಾಗಿ ಜಪಾನಿಗೆ ಹೋಗಿದ್ದರು. ಅಮೆರಿಕದಲ್ಲಿ ಇಂತಹ ಒಪ್ಪಂದಕ್ಕೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಅಭಿವೃದ್ಧಿಶೀಲ ದೇಶಗಳಿಗೂ ಕಟ್ಟುಪಾಡು ಇಲ್ಲದ ಒಪ್ಪಂದ ಬೇಡವೆಂದು ಸೆನೆಟ್ ಅದೇ ಜುಲೈನಲ್ಲಿ 95–0 ಮತಗಳಿಂದ ನಿರ್ಣಯಿಸಿತ್ತು. 1998ರಲ್ಲಿ ಸಹಿ ಬಿದ್ದರೂ ಒಪ್ಪಂದ ಸೆನೆಟ್‌ನ ಬಾಗಿಲು ತಟ್ಟಲೇ ಇಲ್ಲ. ಜನಾಭಿಪ್ರಾಯ ಬೆನ್ನಿಗಿಲ್ಲದಿದ್ದರೆ ಕುರ್ಚಿಯ ಬಲ ಎಷ್ಟೆಂಬುದು ಗೋರ್ ಅವರಿಗೆ ಗೊತ್ತಿತ್ತು. ಒಬಾಮ ಕಾಲದಲ್ಲೂ ಅದೇ ಆಯಿತು. 2009ರಲ್ಲಿ ಕೆಳಮನೆ 219–212 ಮತಗಳಿಂದ ಒಪ್ಪಿದ ಹವಾಮಾನ ಮಸೂದೆ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ.

ಹಾಗೆಂದು ಕರೆದವರದು ಬರೀ ಭ್ರಮೆಯೇ? ಅದೂ ಅಲ್ಲ. 2001ರಲ್ಲಿ ಬುಷ್ ಕ್ಯೋಟೊ ಒಪ್ಪಂದವನ್ನು ತಳ್ಳಿಹಾಕಿದರು. 2015ರ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಟ್ರಂಪ್ 2017ರಲ್ಲಿ ಸಾರಿದರು. 2021ರಲ್ಲಿ ಬೈಡನ್ ಮತ್ತೆ ಸೇರಿಸಿದರು. 2025ರ ಜನವರಿಯಲ್ಲಿ ಅಧಿಕಾರಕ್ಕೆ ಮರಳಿದ ದಿನವೇ ಟ್ರಂಪ್ ಮತ್ತೆ ಹೊರಬರಲು ಆದೇಶಿಸಿದರು. ಒಳ್ಳೆಯದನ್ನು ಕಟ್ಟಲು ಕುರ್ಚಿಯೊಂದೇ ಸಾಲದು, ಕಟ್ಟಿದ್ದನ್ನು ಕೆಡವಲು ಮಾತ್ರ ಅದೊಂದೇ ಸಾಕು ಎನ್ನುವಂತಾಯಿತು.

ಒಳ್ಳೆಯವರನ್ನು ಕುರ್ಚಿಗೆ ಕರೆಯುವುದು ತಪ್ಪಲ್ಲ. ಆದರೆ 1.36 ಲಕ್ಷ ಸಹಿಗಳು ಒಬ್ಬ ವ್ಯಕ್ತಿಯನ್ನು ಹುಡುಕಿಕೊಂಡು ಹೋದಂತೆಯೇ ನೂರು ಸೆನೆಟರುಗಳ ಮನೆ ಬಾಗಿಲಿಗೂ ಹೋಗಬೇಕಿತ್ತು. ಆನೆಯ ಕತೆಯಲ್ಲಿ ಮಾಲೆ ಬಿದ್ದೊಡನೆ ನಾಡಿನ ಕಷ್ಟ ತೀರುತ್ತದೆ. ಪ್ರಜಾಪ್ರಭುತ್ವದಲ್ಲಿ ಮಾಲೆ ಹಾಕಿದ ಮೇಲೆಯೇ ಜನರ ಕೆಲಸ ಶುರುವಾಗುತ್ತದೆ.