ಓಸ್ಟ್‌ನೂರಿನ ತೆಳು ಅಲಗು

ಫ್ರಾಸ್ಟ್ ಎರಿಕ್ ಎರ್ಸನ್ ಉತ್ತರ ಅಮೆರಿಕದ ಕಾಡಿನಲ್ಲಿ ನಾಲ್ಕು ವರ್ಷ ಮರ ಕಡಿದು 1891ರಲ್ಲಿ ಸ್ವೀಡನ್ನಿನ ತನ್ನ ಹಳ್ಳಿಗೆ ಮರಳಿದಾಗ ಅವನ ತಲೆಯಲ್ಲಿದ್ದದ್ದು ಚೂರಿಯಲ್ಲ, ಜಾರುಬಂಡಿ. ಹಿಮದ ಮೇಲೆ ದಿಮ್ಮಿ ಎಳೆಯುವ ಬಂಡಿಗಳ ಕಾರ್ಖಾನೆಯನ್ನು ಅವನು ಓಸ್ಟ್‌ನೂರಿನಲ್ಲಿ ಹಾಕಿದ. ಅದರ ಮಗ್ಗುಲಲ್ಲೇ ಚೂರಿಯ ಕೆಲಸವೂ ಶುರುವಾಯಿತು. ಬಂಡಿಗಳು ಎಲ್ಲಿ ಹೋದವೋ, ಇಂದು ಹಳ್ಳಿಯ ಹೆಸರು ನಡೆಯುತ್ತಿರುವುದು ಚೂರಿಯಿಂದ.

ಓಸ್ಟ್‌ನೂರ್ ಇರುವುದು ಡಾಲಾರ್ನಾ ಪ್ರಾಂತ್ಯದಲ್ಲಿ, ಸಿಲ್ಯಾನ್ ಸರೋವರದ ದಂಡೆಯ ಮೋರಾ ಪಟ್ಟಣದ ಪಕ್ಕಕ್ಕೆ. ಅಲ್ಲಿನ ಹಳೆಯ ಆಸ್ತಿ ಹಂಚಿಕೆಯನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಮಕ್ಕಳಿಗೆಲ್ಲ ಪಾಲು, ಆ ಪಾಲಿನಲ್ಲಿ ಮತ್ತೆ ಪಾಲು. ಹೊಲ ಪಟ್ಟಿಯಾಯಿತು, ಪಟ್ಟಿ ಹೊಟ್ಟೆಗೆ ಸಾಲದಾಯಿತು. ಊರಿಗೊಂದು ಕಸುಬು ಹುಟ್ಟಿಕೊಂಡಿತು. ಊರ್ಸಾದವರು ಮರಳುಗಲ್ಲು ಕಡಿದು ಸಾಣೆಕಲ್ಲು ಮಾಡಿದರು. ವೋಮ್‌ಹೂಸಿನ ಹೆಂಗಸರು ತಲೆಗೂದಲನ್ನು ಹೆಣೆದು ಒಡವೆ ಮಾಡಿ ಪರದೇಶಗಳವರೆಗೂ ಹೋಗಿ ಮಾರಿ ಬಂದರು. ಓಸ್ಟ್‌ನೂರಿನವರ ಕೈ ಕುದುರಿದ್ದು ಲೋಹದಲ್ಲಿ. 18ನೇ ಶತಮಾನದಿಂದಲೇ ಅಲ್ಲಿ ಆಳೆತ್ತರದ ಲೋಲಕದ ಗಡಿಯಾರಗಳು ತಯಾರಾಗುತ್ತಿದ್ದವು. 1865ರಲ್ಲಿ ಆರಂಭವಾದ ಇನ್ನೊಂದು ಕಾರ್ಖಾನೆ ಮುಂದೆ ನೀರಿನ ನಲ್ಲಿಗಳಿಗೆ ಹೆಸರಾಯಿತು.

ಫ್ರಾಸ್ಟ್ ಎಂಬುದು ಎರಿಕ್‌ನ ಮನೆಯ ಹೆಸರು. ಒಂದೇ ಊರಲ್ಲಿ ಎರಿಕ್‌ಗಳೂ ಆಂಡರ್ಸ್‌ಗಳೂ ಕಿಕ್ಕಿರಿದಿರುವಾಗ ಮನೆಯ ಹೆಸರನ್ನು ಮುಂದಿಟ್ಟು ಕರೆಯುವುದು ಡಾಲಾರ್ನಾದ ರೂಢಿ. ಕೊಡಂದೇರ ಕಾರ್ಯಪ್ಪ ಎಂದು ಹೇಳಿ ಗೊತ್ತಿರುವ ಕೊಡಗಿನವರಿಗೆ ಇದು ಹೊಸದೆನಿಸದು. 1912ರಲ್ಲಿ ಅದೇ ಊರಿನ ಕ್ರೋಂಗ್ ಯೋಹಾನ್ ಎರಿಕ್ಸನ್ ಮತ್ತು ಲೋಕ್ ಆಂಡರ್ಸ್ ಮ್ಯಾಟ್ಸನ್ ಸೇರಿ ಇನ್ನೊಂದು ಚೂರಿ ಕಾರ್ಖಾನೆ ತೆರೆದರು. ಅಕ್ಕಪಕ್ಕದಲ್ಲೇ ಇದ್ದು ಒಂದೇ ಬಗೆಯ ಸರಕು ಮಾಡಿದ ಈ ಎರಡು ಮನೆತನಗಳ ಕಾರ್ಖಾನೆಗಳು 2005ರಲ್ಲಿ ಒಂದಾದವು. ಈಗಿನ ಹೆಸರು ಮೋರಾಕ್ನಿವ್. ಕ್ನಿವ್ ಎಂದರೆ ಚೂರಿ.

ಈ ಚೂರಿಯನ್ನು ಕೈಗೆತ್ತಿಕೊಂಡವರಿಗೆ ಮೊದಲು ಅನಿಸುವುದು, ಇಷ್ಟೇನಾ ಎಂದು. ಪೀಪಾಯಿಯಂತೆ ನಡು ಉಬ್ಬಿದ, ಕೆಂಪು ಬಣ್ಣ ಬಳಿದ ಬರ್ಚ್ ಮರದ ಹಿಡಿ. ಹತ್ತು ಸೆಂಟಿಮೀಟರ್ ಆಸುಪಾಸಿನ ಅಲಗು. ಮಡಚುವುದಿಲ್ಲ, ಒರೆಗೆ ಸೇರಿಸಿ ಸೊಂಟಕ್ಕೆ ತೂಗುಹಾಕಬೇಕು. ಬೆನ್ನಿನ ದಪ್ಪ ಎರಡು, ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್. ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಕಸುಬು ಕಾಣುತ್ತದೆ. ಅಲಗಿನ ಮೈ ನಡುವಿನವರೆಗೂ ಚಪ್ಪಟೆಯಾಗಿ ಬಂದು, ಅಲ್ಲಿಂದ ಎರಡೂ ಕಡೆ ಒಂದೇ ಅಗಲವಾದ ಇಳಿಜಾರಾಗಿ ನೇರ ಬಾಯಿಗೆ ಇಳಿಯುತ್ತದೆ. ಸಾಮಾನ್ಯ ಚಾಕುಗಳಲ್ಲಿ ತುದಿಗೆ ಇನ್ನೊಂದು ಸಣ್ಣ ಮೊಂಡು ಕೋನ ಇರುತ್ತದಲ್ಲ, ಅದು ಇಲ್ಲಿಲ್ಲ. ಸಾಣೆ ಹಿಡಿಯುವವನು ಕೋನವನ್ನು ಅಂದಾಜು ಮಾಡಬೇಕಾಗಿಲ್ಲ. ಇಳಿಜಾರನ್ನು ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿ ಕೂರುತ್ತದೆ. ಮರ ಹೆರೆಯುವಾಗಲೂ ಇದೇ ಗುಟ್ಟು: ಅಗಲವಾದ ಆ ಇಳಿಜಾರು ಮರಕ್ಕೆ ಒರಗಿ ನಿಂತು, ಕೈ ಹೇಳಿದಷ್ಟೇ ಆಳಕ್ಕೆ ಇಳಿದು, ಈರುಳ್ಳಿ ಸಿಪ್ಪೆಯಂಥ ಸುರುಳಿಯನ್ನು ಎಬ್ಬಿಸುತ್ತದೆ. ಫಿನ್‌ಲೆಂಡಿನ ಪೂಕ್ಕೊ ಚೂರಿ ಇದರ ದಾಯಾದಿ.

ಅಲಗಿನ ಒಳಗೂ ಒಂದು ಲೆಕ್ಕಾಚಾರವಿದೆ. ಗಟ್ಟಿ ಉಕ್ಕು ದುಬಾರಿ, ಮೆದುಕಬ್ಬಿಣ ಅಗ್ಗವಾಗಿದ್ದ ಕಾಲದಲ್ಲಿ ಕಮ್ಮಾರ ಉಕ್ಕಿನ ತೆಳು ಪಟ್ಟಿಯನ್ನು ಎರಡು ಮೆದುಕಬ್ಬಿಣದ ಪದರಗಳ ನಡುವೆ ಇಟ್ಟು ಕುಲುಮೆಯಲ್ಲಿ ಬೆಸೆಯುತ್ತಿದ್ದ. ಬಾಯಿಗೆ ಬರುವುದು ನಡುವಿನ ಉಕ್ಕು. ಅಕ್ಕಪಕ್ಕದ ಮೆದು ಲೋಹ ಅಲಗು ಮುರಿಯದಂತೆ ಕಾಯುತ್ತದೆ, ಸಾಣೆಯ ಶ್ರಮವನ್ನೂ ಇಳಿಸುತ್ತದೆ. ಮರದ ಕೆತ್ತನೆಗೆಂದೇ ಮಾಡುವ ಕೆಲವು ಮೋರಾ ಚೂರಿಗಳಲ್ಲಿ ಈ ಮೂರು ಪದರ ಇಂದಿಗೂ ಇದೆ. ಉಳಿದವು ಒಂದೇ ಉಕ್ಕಿನವು.

ಲೋಹಕ್ಕೆ ಸ್ವೀಡನ್ನರು ದೂರ ಹೋಗಬೇಕಿರಲಿಲ್ಲ. ರಂಜಕ ಕಡಿಮೆ ಇರುವ ಅವರ ಕಬ್ಬಿಣವನ್ನು 18ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ತರಿಸಿಕೊಳ್ಳುತ್ತಿತ್ತು. 1858ರಲ್ಲಿ ಯೋರಾನ್ ಫ್ರೆಡ್ರಿಕ್ ಯೋರಾನ್ಸನ್ ಉಕ್ಕು ತಯಾರಿಸುವ ಬೆಸೆಮರ್ ವಿಧಾನವನ್ನು ಕಾರ್ಖಾನೆಯ ಮಟ್ಟದಲ್ಲಿ ಸಾಧಿಸಿದ. ನಾಲ್ಕು ವರ್ಷಗಳಲ್ಲಿ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆ ಎದ್ದಿತು.

ಅಗ್ಗದ ಒಳ್ಳೆಯ ಚೂರಿ ಇದ್ದರೆ ಅದು ಶಾಲೆಗೂ ಹೋಗುತ್ತದೆ. ಸ್ವೀಡನ್ನಿನ ನೇಸ್ ಎಂಬಲ್ಲಿ ವ್ಯಾಪಾರಿ ಆಗಸ್ಟ್ ಅಬ್ರಹಾಮ್‌ಸನ್‌ನ ಎಸ್ಟೇಟಿನಲ್ಲಿ ಅವನ ಸೋದರಳಿಯ ಒಟ್ಟೊ ಸಾಲೊಮನ್ 1870ರ ದಶಕದಲ್ಲಿ ಶಿಕ್ಷಕರಿಗೆ ಕೈಕಸುಬಿನ ಶಾಲೆ ನಡೆಸಿದ. ಈ ಕೈಕಸುಬಿಗೆ ಅವರ ಮಾತು ಸ್ಲಾಯ್ಡ್. ಹಲವು ದೇಶಗಳ ಶಿಕ್ಷಕರು ಬಂದು ಕಲಿತು ಹೋದರು. ಮಗುವಿನ ಕೈಗೆ ಮೊದಲು ಬರುತ್ತಿದ್ದ ಹತಾರ ಚೂರಿಯೇ. ಮೊದಲ ಪಾಠ, ಅದೊಂದರಿಂದಲೇ ಪುಟ್ಟದೊಂದು ಕಡ್ಡಿಯನ್ನು ದುಂಡಗೆ ಹೆರೆಯುವುದು. ಮಗುವಿಗೆ ಚೂರಿ ಕೊಡುವುದೇ ಎಂದು ಈಗಿನ ಪಾಲಕರು ಹೌಹಾರಬಹುದು. ಆದರೆ ಮೊಂಡು ಚೂರಿಗೆ ಬಲ ಹಾಕಬೇಕಾಗುತ್ತದೆ, ಕೈ ಜಾರುವುದು ಆ ಬಲದಿಂದ. ಮೋರಾದ ಪಕ್ಕದ ನೂಸ್‌ನೆಸ್ ಹಳ್ಳಿಯಲ್ಲಿ ಸ್ವೀಡನ್ನಿನ ಹೆಸರಾಂತ ಕೆಂಪು ಮರದ ಕುದುರೆಗಳನ್ನು ಇಂದಿಗೂ ಕೊನೆಯ ರೂಪಕ್ಕೆ ತರುವುದು ಚೂರಿ ಹಿಡಿದ ಕೈಯೇ.

1980ರ ದಶಕದಲ್ಲಿ ಕೆನಡಾದ ಕಾಡುಬದುಕಿನ ಗುರು ಮೋರ್ಸ್ ಕೊಚಾನ್‌ಸ್ಕಿ ಈ ಬಡವರ ಚೂರಿಯನ್ನು ಮೆಚ್ಚಿ ಬರೆದ ಮೇಲೆ ಚಾರಣಿಗರ ಲೋಕಕ್ಕೂ ಇದರ ಪರಿಚಯವಾಯಿತು. ಅದೇ ದಶಕದ ಕೊನೆಗೆ, 1988ರಲ್ಲಿ, ಸ್ವೀಡನ್ ಸಾರ್ವಜನಿಕ ಸ್ಥಳಗಳಲ್ಲಿ ಚೂರಿ ಇಟ್ಟುಕೊಳ್ಳುವುದರ ಮೇಲೆ ಕಾನೂನು ತಂದಿತು. ಕೆಲಸಕ್ಕೆ ಬೇಕಾದ ಚೂರಿಗೆ ವಿನಾಯಿತಿ ಉಳಿಯಿತು.

ಅಂಗಡಿಗಳಲ್ಲಿ ಈಗ ಐದು ಮಿಲಿಮೀಟರ್ ದಪ್ಪದ, ಬೆನ್ನಿಗೆ ಗರಗಸದ ಹಲ್ಲಿರುವ ಚೂರಿಗಳು ಮೆರೆಯುತ್ತಿವೆ. ಸಿನಿಮಾಕ್ಕೆ ಅವು ಚೆನ್ನ. ಒಂದು ಕಡ್ಡಿ ಹೆರೆಯಲು ಹೋದರೆ ಬಣ್ಣ ಬಯಲಾಗುತ್ತದೆ. ಹಾಗೆಂದು ಮೋರಾ ಎಲ್ಲಕ್ಕೂ ಸೈ ಎನ್ನಲಾಗದು. ಗಜ್ಜರಿ ಹೆಚ್ಚಲು ಹೋದರೆ ಅದರ ಇಳಿಜಾರು ಬೆಣೆಯಂತೆ ನುಗ್ಗಿ, ಕತ್ತರಿಸುವ ಮೊದಲೇ ಸೀಳುತ್ತದೆ. ಮೂಳೆಗೆ ಬಡಿದರೆ, ಗಂಟಿನಲ್ಲಿ ಸಿಕ್ಕಿಸಿ ತಿರುಚಿದರೆ ಬಾಯಿ ಮಡಚುತ್ತದೆ ಇಲ್ಲವೇ ಚಕ್ಕೆ ಏಳುತ್ತದೆ. ಒದ್ದೆ ಮಾಡಿ ಒರೆಗೆ ಸೇರಿಸಿದರೆ ಮಾಮೂಲಿ ಉಕ್ಕಿನದು ತುಕ್ಕು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಳಸುವವರು ಸ್ಟೇನ್‌ಲೆಸ್ ಅಲಗಿನದನ್ನೇ ಕೊಳ್ಳುವುದು ಲೇಸು.

ಇನ್ನೊಂದು ಮಾತು: ಕೆಂಪು ಹಿಡಿಯ ಹಳೆಯ ಒಂದನೇ ನಂಬರಿನ ಚೂರಿಗೆ ಹಿಡಿಗೂ ಅಲಗಿಗೂ ನಡುವೆ ಬೆರಳು ತಡೆಯುವ ಅಡ್ಡಪಟ್ಟಿ ಇಲ್ಲ. ಕೊಂಡ ದಿನ ತಿವಿದು ನೋಡುವ ಉಮೇದು ಬೇಡ, ಹೆರೆದು ನೋಡಿ.