ಬಿಳಿಯ ಬಿಲ್ಲೆಯೂ ಸ್ಯಾಂಕಿ ಕೆರೆಯೂ

ಬೆಂಗಳೂರಿನ ಮಲ್ಲೇಶ್ವರದ ಮಗ್ಗುಲಿನ ಸ್ಯಾಂಕಿ ಕೆರೆಯನ್ನು ನಿಮ್ಮಲ್ಲಿ ಅನೇಕರು ಮುಂಜಾನೆಯ ನಡಿಗೆಗೆಂದಷ್ಟೇ ಬಲ್ಲಿರಿ. ಹಿಂದಿನ ದಶಕದ ಭೀಕರ ಕ್ಷಾಮದ ನೆನಪು ಮಾಸದಿದ್ದ 1882ರಲ್ಲಿ, ಊರಿಗೆ ನೀರಿನ ಆಸರೆಯಾಗಲೆಂದು ನಿರ್ಮಿತವಾದ ಕೆರೆಯಿದು. ಇದರ ಹಿರಿಯಕ್ಕನಂತಿದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಇದು ಉಳಿದದ್ದೇ ಭಾಗ್ಯ.

ಆದರೆ ಉಳಿದ ಕೆರೆಯ ಆರೋಗ್ಯವನ್ನು ಅಳೆಯುವುದೆಂತು? 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಪೋಪರ ಹಡಗಿನಿಂದ ಬಿಳಿಯ ಬಿಲ್ಲೆಯೊಂದನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. ಇಂದಿಗೂ ಕೆರೆಗಳಲ್ಲಿ ಬಳಕೆಯಲ್ಲಿರುವುದು ಅದೇ ಉಪಾಯ. ಆಳವಿಲ್ಲದ ಕೆರೆಯಲ್ಲಿ ಬೆಳಕು ತಳ ಮುಟ್ಟಿದರೆ ಸಸ್ಯಗಳು ಬೇರೂರಿ ಹೂಳನ್ನು ಹಿಡಿದಿಡುತ್ತವೆ, ನೀರು ತಿಳಿಯಾಗಿರುತ್ತದೆ. ಚರಂಡಿಯ ರಂಜಕ, ಸಾರಜನಕಗಳು ಸೇರಿದರೆ ಪಾಚಿ ಹಬ್ಬಿ ಬೆಳಕನ್ನು ತಡೆಯುತ್ತದೆ. ಸಸ್ಯಗಳು ಸತ್ತು ಹೂಳು ಕದಡುತ್ತದೆ. ಒಮ್ಮೆ ಹೀಗೆ ಮಗುಚಿದ ಕೆರೆ, ಚರಂಡಿಯನ್ನು ತಡೆದ ಮಾತ್ರಕ್ಕೆ ಹಿಂದಿರುಗುವುದಿಲ್ಲವೆಂಬುದು 1990ರ ದಶಕದಲ್ಲಿ ಸ್ಪಷ್ಟವಾಯಿತು.

ಆದ್ದರಿಂದಲೇ, ಸ್ವಚ್ಛತೆಯ ಹೆಸರಿನಲ್ಲಿ ಸಕಲ ಗಿಡಗಳನ್ನೂ ಕಿತ್ತೆಸೆಯುವುದು ನನಗೆ ಒಪ್ಪಿಗೆಯಿಲ್ಲ. ಮೇಲೆ ತೇಲಿ ನೀರನ್ನೇ ಮುಚ್ಚುವ ವಾಟರ್ ಹಯಸಿಂತ್ ಬೇರೆ, ತಳದಲ್ಲಿ ಬೇರೂರಿದ ಸಸ್ಯ ಬೇರೆ.

ಇನ್ನೊಂದು ಮಾತು. ಯಾರಾದರೂ ನೀರಿನ ಪರೀಕ್ಷೆಯ ವರದಿ ತೋರಿಸಿದರೆ, ಮಾದರಿಯನ್ನು ಎಷ್ಟು ಗಂಟೆಗೆ ತೆಗೆದರೆಂದು ಕೇಳಿರಿ. ಹಗಲಲ್ಲಿ ಪಾಚಿಯೇ ಆಮ್ಲಜನಕವನ್ನು ಬಿಡುವುದರಿಂದ ಮಧ್ಯಾಹ್ನದ ಅಂಕಿ ಸೊಗಸಾಗಿರುತ್ತದೆ. ಇರುಳೆಲ್ಲ ಅದು ವ್ಯಯವಾಗುತ್ತದೆ. ಮೀನುಗಳು ಉಸಿರುಗಟ್ಟುವುದು ಬೆಳಗಿನ ಜಾವದಲ್ಲಿ.